ಅಂಗನವಾಡಿಯಿಂದ ಒಂದನೇ ತರಗತಿವರೆಗೆ: ಹಾಸನ ಸೀಮೆಯ ಪೋಷಕರಿಗೆ ಒಂದು ಕೈಪಿಡಿ

ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಗುವಿಗೆ ಸರ್ಕಾರ ಕೊಡುವ ಸೇವೆಗಳು ಒಂದೇ ಇಲಾಖೆಯ ಕೈಯಲ್ಲಿಲ್ಲ. ಊಟ ಮತ್ತು ಆಟ-ಪಾಠ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವು. ಚುಚ್ಚುಮದ್ದು, ತಪಾಸಣೆ ಆರೋಗ್ಯ ಇಲಾಖೆಯವು. ಒಂದನೇ ತರಗತಿಯ ದಾಖಲಾತಿ ಶಾಲಾ ಶಿಕ್ಷಣ ಇಲಾಖೆಯದು, ಶಿಶುಪಾಲನೆಯ ‘ಕೂಸಿನ ಮನೆ’ ಗ್ರಾಮ ಪಂಚಾಯಿತಿಯದು, ಜಾತಿ ಮತ್ತು ಆದಾಯ ಪ್ರಮಾಣಪತ್ರ ಕಂದಾಯ ಇಲಾಖೆಯದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಈ ಇಲಾಖೆಗಳ ಕಚೇರಿಗಳೆಲ್ಲ ಇವೆ. ಒಂದು ಕಚೇರಿಯ ಕಡತದಿಂದ ಇನ್ನೊಂದರ ಕಡತಕ್ಕೆ ಮಗುವಿನ ಹೆಸರು ದಾಟುವಾಗ ಮಾತ್ರ ಅದನ್ನು ಹಿಂಬಾಲಿಸುವ ಹೊಣೆ ಹೆಚ್ಚಿನ ಸಲ ಮನೆಯವರ ಮೇಲೇ ಬೀಳುತ್ತದೆ. ಯಾವ ಬಾಗಿಲಲ್ಲಿ ಏನು ಸಿಗುತ್ತದೆ, ಯಾವ ಕಾಗದ ಕೇಳಿ ಪಡೆಯಬೇಕು ಎಂಬುದು ಗೊತ್ತಿದ್ದರೆ ಓಡಾಟ ಅರ್ಧಕ್ಕರ್ಧ ತಪ್ಪುತ್ತದೆ.

ಮೊದಲ ಬಾಗಿಲು ಅಂಗನವಾಡಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆರೋಗ್ಯ ಮತ್ತು ಪೌಷ್ಟಿಕತೆಯ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸಿಕೊಡುವುದು ಎಂದು ಅಂದು ಗೊತ್ತುಮಾಡಿದ ಆರು ಸೇವೆಗಳೇ ಇಂದಿಗೂ ಉಳಿದಿವೆ. ಕೊನೆಯ ಮೂರನ್ನು ಆರೋಗ್ಯ ಇಲಾಖೆಯ ಜೊತೆಗೂಡಿ ಮಾಡಬೇಕು.

ಅಂಗನವಾಡಿಗೆ ಮಗುವನ್ನು ಸೇರಿಸಲು ಬಿಪಿಎಲ್ ಕಾರ್ಡ್ ಬೇಕಿಲ್ಲ, ಜಾತಿಯ ಮಿತಿಯೂ ಇಲ್ಲ. ಆರು ವರ್ಷ ತುಂಬುವವರೆಗೆ ಯಾವ ಮಗುವಾದರೂ ಸೇರಬಹುದು. ‘ಅದು ಬಡವರ ಮಕ್ಕಳಿಗೆ’ ಎಂಬ ಮಾತು ಊರುಗಳಲ್ಲಿ ಇನ್ನೂ ಓಡಾಡುತ್ತಿದೆ, ಅದಕ್ಕೆ ಆಧಾರವಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಆಹಾರ ಸಿಗುವುದು ಹಕ್ಕು. ವಲಸೆ ಬಂದ ಕುಟುಂಬಕ್ಕೂ ಇದು ಅನ್ವಯ. ಶುಂಠಿ ಹೊಲದ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದು ಗುಡಿಸಲು ಹಾಕಿಕೊಂಡವರ ಮಗುವೂ ಹತ್ತಿರದ ಕೇಂದ್ರದಲ್ಲಿ ಹೆಸರು ಬರೆಸಬಹುದು.

ಮೂರು ವರ್ಷದೊಳಗಿನ ಮಗುವಿಗೆ ಆಹಾರವನ್ನು ಮನೆಗೆ ಕೊಟ್ಟು ಕಳಿಸುತ್ತಾರೆ. ಈ ಪೊಟ್ಟಣ ಪಡೆಯುವಾಗ 2025ರ ಜುಲೈಯಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತಾಯಿಯ ಮುಖ ಗುರುತಿಸುವ ಕ್ರಮ ಬಂದಿದೆ. ಅದಕ್ಕೆ ಆಧಾರ್ ದೃಢೀಕರಣ ಬೇಕಾದ್ದರಿಂದ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಬದಲಾಗಿದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಮೂರು ತುಂಬಿದ ಮಕ್ಕಳಿಗೆ ಕೇಂದ್ರದಲ್ಲೇ ಬಿಸಿಯೂಟ. 2013ರ ಕಾಯ್ದೆ ಮೊದಲು ಗೊತ್ತುಮಾಡಿದ ಪ್ರಮಾಣ ದಿನಕ್ಕೆ 500 ಕಿಲೋಕ್ಯಾಲೊರಿ ಮತ್ತು 12ರಿಂದ 15 ಗ್ರಾಂ ಪ್ರೋಟೀನ್, ತೀವ್ರ ಅಪೌಷ್ಟಿಕ ಮಗುವಿಗೆ 800 ಕಿಲೋಕ್ಯಾಲೊರಿ ಆಗಿತ್ತು. ಇದರ ಜೊತೆಗೆ 2013ರಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು, ಗೊತ್ತುಮಾಡಿದ ದಿನಗಳಲ್ಲಿ ಮೊಟ್ಟೆ. ಚನ್ನರಾಯಪಟ್ಟಣದಂಥ ಹೈನುಗಾರಿಕೆಯ ತಾಲ್ಲೂಕಿನಲ್ಲೂ ಈ ಹಾಲಿಗೆ ಅರ್ಥವಿದೆ. ಹಸು ಕಟ್ಟಿದ ಮನೆಯಲ್ಲೂ ಬೆಳಗಿನ ಹಾಲು ಡೇರಿಗೆ ಹೋಗಿ ಮಗುವಿನ ಪಾಲಿಗೆ ಟೀ ಮಾತ್ರ ಉಳಿಯುವುದುಂಟು.

ಕಲಿಕೆಯ ವಿಷಯದಲ್ಲಿ ಅಂಗನವಾಡಿಯ ಬಗ್ಗೆ ತಾತ್ಸಾರ ಹೆಚ್ಚು. ರಾಜ್ಯದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಚಟುವಟಿಕೆ ಪುಸ್ತಕವಿದೆ. ಕಥೆ, ಹಾಡು, ಬಣ್ಣ, ಗಾತ್ರ, ಎಣಿಕೆ, ಸುತ್ತಲಿನ ಪರಿಸರ ಎಂದು ದಿನವನ್ನು ಅದು ವಿಂಗಡಿಸುತ್ತದೆ. ನಾಲ್ಕು ವರ್ಷದ ಮಗುವಿಗೆ ಕೈ ನೋಯುವಷ್ಟು ‘ಎ ಬಿ ಸಿ ಡಿ’ ಬರೆಸುವ ಕಾನ್ವೆಂಟ್ ಪಾಠಕ್ಕಿಂತ ಈ ಕ್ರಮ ಮಗುವಿನ ವಯಸ್ಸಿಗೆ ಹೆಚ್ಚು ಹೊಂದುತ್ತದೆ. ಪುಸ್ತಕ ಚೆನ್ನಾಗಿದ್ದ ಮಾತ್ರಕ್ಕೆ ಪಾಠ ಚೆನ್ನಾಗಿ ನಡೆಯುತ್ತದೆ ಎಂದೇನೂ ಇಲ್ಲ. ರಿಜಿಸ್ಟರು, ಆ್ಯಪು, ಸಮೀಕ್ಷೆ, ಚುನಾವಣೆ ಕೆಲಸಗಳ ನಡುವೆ ಟೀಚರಿಗೆ ಮಕ್ಕಳ ಮುಂದೆ ಕೂರುವ ಹೊತ್ತು ಎಷ್ಟು ಉಳಿಯುತ್ತದೆ ಎಂಬುದು ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುತ್ತದೆ. ತಾಯಂದಿರು ಸದಸ್ಯರಾಗಿರುವ ಬಾಲವಿಕಾಸ ಸಮಿತಿ ಪ್ರತಿ ಅಂಗನವಾಡಿಯಲ್ಲೂ ಇರಬೇಕು. ಊಟದ ಗುಣಮಟ್ಟ, ಆಟಿಕೆ, ಕಟ್ಟಡ, ಪಾಠ ಎಲ್ಲವನ್ನೂ ಕೇಳಲು ಮೊದಲ ಜಾಗ ಅದೇ. ಟೀಚರ ಮೇಲೆ ಮೇಲ್ವಿಚಾರಕಿ, ಅವರ ಮೇಲೆ ತಾಲ್ಲೂಕು ಕೇಂದ್ರದ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಎಲ್ಲರ ಬಾಯಲ್ಲಿರುವ ಸಿಡಿಪಿಒ, ಹಾಸನದಲ್ಲಿ ಜಿಲ್ಲೆಗೆ ಉಪನಿರ್ದೇಶಕರು.

ತೂಕ, ತೋಳಿನ ಸುತ್ತಳತೆ, ಚುಚ್ಚುಮದ್ದು

ಅಂಗನವಾಡಿಯಲ್ಲಿ ಪ್ರತಿ ತಿಂಗಳು ಮಗುವಿನ ತೂಕ, ಎತ್ತರ ಅಳೆದು ದಾಖಲಿಸುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಇನ್ನೊಂದು ಅಳತೆ ತೋಳಿನ ಪಟ್ಟಿಯದು. ಮೂರು ಬಣ್ಣದ ಈ ತೆಳ್ಳನೆಯ ಪಟ್ಟಿಯನ್ನು ಎಡಗೈಯ ಭುಜ ಮತ್ತು ಮೊಣಕೈ ನಡುವಿನ ಮಧ್ಯಭಾಗಕ್ಕೆ, ಕೈ ಇಳಿಬಿಟ್ಟಿರುವಾಗ, ಬಿಗಿಯದೆ ಸಡಿಲವೂ ಬಿಡದೆ ಸುತ್ತಬೇಕು. ಸುತ್ತಳತೆ 12.5 ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ಹಸಿರು, 11.5ರಿಂದ 12.5ರ ಒಳಗೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಸ್ವೆಟರಿನ ಮೇಲೆ ಸುತ್ತಿದ ಅಳತೆಗೆ ಬೆಲೆಯಿಲ್ಲ. ಅಳೆಯುವ ದಿನ ತಾಯಿಯೋ ಅಜ್ಜಿಯೋ ಎದುರಿಗಿದ್ದು ಬಣ್ಣ ನೋಡಿ, ಸಂಖ್ಯೆಯನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಂಡರೆ ಮುಂದಿನ ತಿಂಗಳು ಹೋಲಿಸಲು ಆಧಾರ ಸಿಗುತ್ತದೆ.

ಕೆಂಪು ಬಂದ ಮಗುವಿಗೆ ಊಟ ಹೆಚ್ಚಿಸಿದರೆ ಸಾಲದು. ಜ್ವರ, ಭೇದಿ, ಕಾಲು ಊತ ಅಥವಾ ಹಸಿವೇ ಇಲ್ಲದಿರುವುದು ಕಂಡರೆ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕಾಗುತ್ತದೆ. ಸಾಮಾನ್ಯವಾಗಿ ಅಲ್ಲಿ ಎರಡು ವಾರದ ವಾಸ. ತಾಯಿಗೂ ಊಟ ಮತ್ತು ಕೂಲಿ ನಷ್ಟಕ್ಕೆ ಭತ್ಯೆ ಇದೆ. ಮನೆಯಲ್ಲಿ ಇನ್ನೊಂದು ಕೂಸು, ಕರೆಯುವ ಹಸು, ಕೊಯ್ಲಿನ ಕೆಲಸ ಇರುವ ತಾಯಿಗೆ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿ ಕೂರುವುದು ಸುಲಭವಲ್ಲ. ಎಷ್ಟೋ ಕುಟುಂಬಗಳು ಮೂರು-ನಾಲ್ಕು ದಿನಕ್ಕೇ ಹೊರಟುಬಿಡಲು ಕಾರಣ ಇದು. ಭತ್ಯೆಯ ವಿಷಯವನ್ನು, ಮನೆಯಲ್ಲಿ ಉಳಿದ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಆಶಾ ಕಾರ್ಯಕರ್ತೆಯೊಂದಿಗೆ ಹೊರಡುವ ಮೊದಲೇ ಮಾತಾಡಿ ತೀರ್ಮಾನಿಸಬೇಕು. ಮನೆಗೆ ಮರಳಿದ ಮೇಲೂ ಮತ್ತೆ ಬಂದು ತೋರಿಸುವ ದಿನಗಳಿರುತ್ತವೆ, ಬಿಡುಗಡೆ ಚೀಟಿಯನ್ನು ಅಂಗನವಾಡಿ ಟೀಚರಿಗೆ ತೋರಿಸಬೇಕು.

ಚುಚ್ಚುಮದ್ದಿನಲ್ಲಿ ಒಂದೂವರೆ ವರ್ಷದವರೆಗಿನದನ್ನು ಹೆಚ್ಚಿನವರು ತಪ್ಪಿಸುವುದಿಲ್ಲ. ತಪ್ಪುವುದು ಐದರಿಂದ ಆರು ವರ್ಷದ ನಡುವಿನ ಡಿಪಿಟಿ ಬೂಸ್ಟರು. ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ, ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣಾಂಶದ ಸಿರಪ್, ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ ಇವೂ ಸಿಗಬೇಕು. ಮಗುವನ್ನು ಖಾಸಗಿ ಎಲ್‌ಕೆಜಿಗೆ ಸೇರಿಸಿದ ಮನೆಗಳಲ್ಲಿ ಇದೆಲ್ಲ ಕೈತಪ್ಪುವುದು ಹೆಚ್ಚು, ಏಕೆಂದರೆ ಮಗು ಅಂಗನವಾಡಿಯ ಹಾಜರಿಯಿಂದ ಹೊರಬಿದ್ದಿರುತ್ತದೆ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡು, ತಿಂಗಳಿಗೊಮ್ಮೆ ನಡೆಯುವ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತಾ ದಿನಕ್ಕೆ ಮಗುವನ್ನು ಕರೆತಂದರೆ ಕೊರತೆ ತುಂಬುತ್ತದೆ.

ತಪಾಸಣೆಯ ಚೀಟಿ ಬಂದ ಮೇಲೆ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬರಬೇಕು. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರುವ ಈ ತಂಡ ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಬಾಲ್ಯದ ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ ಎಂಬ ನಾಲ್ಕು ಬಗೆಯನ್ನು ನೋಡುತ್ತದೆ. ಹೃದಯದ ರಂಧ್ರ, ಸೀಳುತುಟಿ, ತಿರುಚಿದ ಪಾದದಂಥವಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ಆಗುವ ಚಿಕಿತ್ಸೆಯೂ ಉಚಿತ.

ತಂಡ ಮಗುವಿನಲ್ಲಿ ಏನಾದರೂ ಕಂಡರೆ ಚೀಟಿ ಬರೆದುಕೊಡುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಮಕ್ಕಳು ಕಳೆದುಹೋಗುವುದು ಈ ಚೀಟಿ ಮತ್ತು ಆಸ್ಪತ್ರೆಯ ನಡುವೆ. ಅಂಗನವಾಡಿಯಲ್ಲಿ ಮಗುವನ್ನು ನೋಡುವಾಗ ಮನೆಯವರು ಇರುವುದಿಲ್ಲ, ಚೀಟಿ ಮಗುವಿನ ಚೀಲದಲ್ಲಿ ಮನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ತಂಡ ಬರುವ ದಿನ ಮೊದಲೇ ನಿಗದಿಯಾಗಿರುತ್ತದೆ. ಟೀಚರನ್ನು ಕೇಳಿ ಆ ದಿನ ಮನೆಯವರೊಬ್ಬರು ಹಾಜರಿದ್ದರೆ, ಎಲ್ಲಿಗೆ, ಯಾವ ವಾರ, ಯಾವ ವಿಭಾಗಕ್ಕೆ ಹೋಗಬೇಕು ಎಂಬ ಮೂರನ್ನು ವೈದ್ಯರಿಂದಲೇ ಕೇಳಿ ಬರೆಸಿಕೊಳ್ಳಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳಿವೆ. ಅದರಾಚೆಯದು ಹಾಸನದ ಹಿಮ್ಸ್, ಅಂದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ. ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಫಿಸಿಯೋಥೆರಪಿ, ಮಾತಿನ ತರಬೇತಿ, ಕಣ್ಣು-ಕಿವಿ ಪರೀಕ್ಷೆ ಒಂದೇ ಸೂರಿನಡಿ ಸಿಗಲೆಂದು ಈ ಕಾರ್ಯಕ್ರಮದಲ್ಲಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಗಳನ್ನು ಗೊತ್ತುಮಾಡಿದ್ದಾರೆ.

ಎರಡು ವರ್ಷ ತುಂಬಿದರೂ ಎರಡು ಪದ ಸೇರಿಸಿ ಹೇಳದ ಮಗು, ಮೂರಕ್ಕೆ ಬಂದರೂ ಹೊರಗಿನವರಿಗೆ ಮಾತು ತಿಳಿಯದ ಮಗು, ಹೆಸರು ಕರೆದರೆ ತಿರುಗಿ ನೋಡದ ಮಗು ಇದ್ದಲ್ಲಿ ‘ಅವರಪ್ಪನೂ ಲೇಟಾಗಿಯೇ ಮಾತಾಡಿದ್ದು’ ಎಂದು ಕಾಯುವುದು ದುಬಾರಿಯಾಗುತ್ತದೆ. ಕಿವಿ ಕೇಳಿಸದ ಮಗುವಿಗೆ ಮಾತು ಕಲಿಸುವ ಅತ್ಯುತ್ತಮ ಕಾಲ ಮೊದಲ ಮೂರು ವರ್ಷಗಳು. ಶ್ರವಣ ಪರೀಕ್ಷೆ ಮತ್ತು ಮಾತಿನ ತರಬೇತಿಗೆ ದೇಶದಲ್ಲೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಅಲ್ಲಿನ ಶಾಲಾಪೂರ್ವ ವಿಭಾಗದಲ್ಲಿ ಮಗುವಿನ ಜೊತೆಗೆ ತಾಯಿಗೂ ತರಬೇತಿ ಕೊಡುತ್ತಾರೆ. ಹಾಸನ ಮತ್ತು ಹೊಳೆನರಸೀಪುರದವರಿಗೆ ಮೈಸೂರಿಗೆ ನೇರ ರೈಲು ಮಾರ್ಗವಿದೆ. ಅರಕಲಗೂಡಿಗೆ ರೈಲಿಲ್ಲ, ಕೊಣನೂರು ಅಥವಾ ರಾಮನಾಥಪುರದ ಕಡೆಯವರು ಬಸ್ಸನ್ನೇ ನಂಬಬೇಕು. ಈ ಒಂದು ವ್ಯತ್ಯಾಸವೇ ಚಿಕಿತ್ಸೆ ಮುಂದುವರಿಯುತ್ತದೋ ನಿಲ್ಲುತ್ತದೋ ಎಂಬುದನ್ನು ತೀರ್ಮಾನಿಸುವುದುಂಟು.

ಅಂಗವೈಕಲ್ಯ ಖಚಿತವಾದರೆ ಮುಂದಿನ ಹೆಜ್ಜೆ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್. ಆನ್‌ಲೈನ್ ಅರ್ಜಿ, ನಂತರ ಗೊತ್ತುಮಾಡಿದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆ. ಪಿಂಚಣಿ, ಬಸ್ ಪಾಸ್, ಸಾಧನ ಸಲಕರಣೆ ಎಲ್ಲಕ್ಕೂ ಇದೇ ಮೂಲ. ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಬಹಳ ಊರುಗಳಲ್ಲಿ ಇಂಥ ಹುದ್ದೆಯೊಂದಿದೆ ಎಂಬುದೇ ಜನರಿಗೆ ತಿಳಿಯದು.

ತಂಬಾಕಿನ ಕಾಲ, ಕೂಲಿಯ ಕಾಲ

ಅಂಗನವಾಡಿಯ ಹೊತ್ತು ಬೆಳಿಗ್ಗೆ ಒಂಬತ್ತೂವರೆಗೆ ಶುರುವಾಗುತ್ತದೆ. ಕೂಲಿಯ ಹೊತ್ತು ಅದಕ್ಕಿಂತ ಮುಂಚೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಸುತ್ತಲಿನ ಊರುಗಳಲ್ಲಿ ಮಳೆಗಾಲದಲ್ಲಿ ಸೊಪ್ಪು ಮುರಿಯುವುದು, ಕಡ್ಡಿಗೆ ಪೋಣಿಸುವುದು, ರಾತ್ರಿಯಿಡೀ ಬ್ಯಾರನ್‌ಗೆ ಬೆಂಕಿ ಹಾಕುವುದು ನಡೆಯುತ್ತದೆ. ಆ ದಿನಗಳಲ್ಲಿ ಅಂಗನವಾಡಿಯ ಹಾಜರಿ ಇಳಿದು ಮಕ್ಕಳು ಬ್ಯಾರನ್ ಸುತ್ತ ಕಾಣಸಿಗುತ್ತಾರೆ. ಹಸಿ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ದೇಹಕ್ಕೆ ಇಳಿಯುತ್ತದೆ, ಒದ್ದೆ ಎಲೆ ಮುಟ್ಟಿದ ದೊಡ್ಡವರಿಗೇ ವಾಂತಿ, ತಲೆಸುತ್ತು ಬರುತ್ತದೆ. ಹೀಗಿರುವಾಗ ಪುಟ್ಟ ಮಗು ಅಲ್ಲಿ ಇರಬಾರದು. ಸಂಜೆ ನಾಲ್ಕರವರೆಗಾದರೂ ಅಂಗನವಾಡಿಯಲ್ಲಿ ಬಿಡುವುದು ಊಟಕ್ಕಿಂತಲೂ ಈ ಕಾರಣಕ್ಕೆ ಮುಖ್ಯ.

ಮೂರು ವರ್ಷದೊಳಗಿನ ಮಕ್ಕಳಿಗೆ ರಾಜ್ಯ ಸರ್ಕಾರ 2023-24ರಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರನ್ನು ಮುಖ್ಯವಾಗಿ ಗಮನದಲ್ಲಿಟ್ಟು 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವ ಯೋಜನೆ ಅದು. ಎಲ್ಲ ಪಂಚಾಯಿತಿಯಲ್ಲೂ ಇಲ್ಲ. ತಮ್ಮ ಪಂಚಾಯಿತಿಯದು ತೆರೆದಿದೆಯೇ, ದಿನಕ್ಕೆ ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ವಿಚಾರಿಸಬೇಕು.

ಕಾಗದ ಪತ್ರ

ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ನಂತರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಶಾಲಾ ದಾಖಲಾತಿಯಲ್ಲಿ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ. ಹುಟ್ಟಿದ 21 ದಿನದೊಳಗೆ ನೋಂದಣಿ ಉಚಿತ, ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಬಹಳ ಸಾಮಾನ್ಯ ತೊಡಕು, ಏಕೆಂದರೆ ಆಸ್ಪತ್ರೆಯಲ್ಲಿ ನೋಂದಣಿ ಆಗುವಾಗ ನಾಮಕರಣ ಆಗಿರುವುದಿಲ್ಲ. ಹೆಸರನ್ನು ನಂತರ ಸೇರಿಸಲು ಅವಕಾಶವಿದೆ. ತಂದೆಯ ಆಧಾರ್‌ನಲ್ಲಿರುವ ಕಾಗುಣಿತವೇ ಇಲ್ಲೂ ಇರಲಿ. ‘ಗೌಡ’ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಹತ್ತು ವರ್ಷದ ನಂತರ ಅಂಕಪಟ್ಟಿಯಲ್ಲಿ ಅದರ ಬಾಲ ಬೆಳೆದಿರುತ್ತದೆ.

ಐದು ವರ್ಷದೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ತೆಗೆಯುವುದಿಲ್ಲ. ಐದು ತುಂಬಿದ ಮೇಲೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಸೇರಿಸಬೇಕು. ಏಳು ವರ್ಷದೊಳಗೆ ಮಾಡಿಸಿದರೆ ಇದು ಉಚಿತ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಆದಾಯದ್ದಕ್ಕೆ ಐದು ವರ್ಷದ ಅವಧಿ. ಶಾಲೆ ತೆರೆಯುವ ಮೇ ಕೊನೆ ಮತ್ತು ಜೂನ್‌ನಲ್ಲಿ ನಾಡಕಚೇರಿಗಳ ಮುಂದೆ ಸಾಲು ಬೆಳೆಯುತ್ತದೆ. ಫೆಬ್ರುವರಿಯಲ್ಲೇ ಅರ್ಜಿ ಹಾಕಿದವರು ಜಾಣರು.

ಶಾಲೆಯ ಹೊಸ್ತಿಲು

ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿ, 2025-26ರಿಂದ ಜಾರಿ ಎಂದಿತು. ಪೋಷಕರ ಒತ್ತಾಯದ ಮೇಲೆ ಆ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ವಯಸ್ಸಿನ ನಿಯಮ ಹೀಗೆ ಹೊರಳಾಡಿರುವುದರಿಂದ ಆಯಾ ವರ್ಷದ ಸುತ್ತೋಲೆಯನ್ನು ಮುಖ್ಯ ಶಿಕ್ಷಕರ ಬಳಿ ನೋಡಿಯೇ ಲೆಕ್ಕ ಹಾಕಬೇಕು. ಕೆಲವೇ ತಿಂಗಳ ವಯಸ್ಸು ಸಾಲದೆ ಹಿಂದೆ ಬಿದ್ದ ಮಗು ಮನೆಯಲ್ಲಿ ಕೂರಬೇಕಿಲ್ಲ, ಆರು ತುಂಬುವವರೆಗೆ ಅಂಗನವಾಡಿಯಲ್ಲಿ ಮುಂದುವರಿಯಬಹುದು. ಆಯ್ದ ಸರ್ಕಾರಿ ಶಾಲೆಗಳಲ್ಲಿ, ವಿಶೇಷವಾಗಿ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ, ಎಲ್‌ಕೆಜಿ ಮತ್ತು ಯುಕೆಜಿ ಇವೆ. ಎಲ್‌ಕೆಜಿಗೆ ನಾಲ್ಕು, ಯುಕೆಜಿಗೆ ಐದು ವರ್ಷ ತುಂಬಿರಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಖಾಸಗಿ ಶಾಲಾ ಸೀಟನ್ನು ನಂಬಿ ಕೂರುವುದರಲ್ಲಿ ಅರ್ಥವಿಲ್ಲ. 2019ರ ನಿಯಮ ಬದಲಾವಣೆಯ ನಂತರ ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರವಿರುವ ಕಡೆ ಆ ಸೀಟು ಸಿಗುವುದಿಲ್ಲ.

ಅಂಗನವಾಡಿ ಟೀಚರಿಗೆ ಮಗುವಿನ ಬಗ್ಗೆ ಮೂರು ವರ್ಷದ ತಿಳಿವಳಿಕೆ ಇರುತ್ತದೆ. ಯಾವುದಕ್ಕೆ ಹೆದರುತ್ತದೆ, ಯಾವ ಕಿವಿ ಮಂದ, ಮನೆಯಲ್ಲಿ ಆಡುವ ಮಾತು ಉರ್ದುವೋ ತಮಿಳೋ ಲಂಬಾಣಿಯೋ ಎಂಬುದೆಲ್ಲ ಅವರಿಗೆ ಗೊತ್ತು. ಒಂದನೇ ತರಗತಿಯ ಮೇಷ್ಟ್ರಿಗೆ ಇದರಲ್ಲಿ ಯಾವುದೂ ತಲುಪುವುದಿಲ್ಲ. ದಾಖಲಾತಿಯ ದಿನ ತಾಯಿ ಕಾರ್ಡು, ತಪಾಸಣೆಯ ಚೀಟಿಗಳು, ಕನ್ನಡಕವೋ ಶ್ರವಣ ಸಾಧನವೋ ಇದ್ದರೆ ಅದರ ವಿವರ ಇವನ್ನು ಒಂದು ಫೈಲಿನಲ್ಲಿಟ್ಟು ಮುಖ್ಯ ಶಿಕ್ಷಕರ ಮುಂದಿಡುವುದು ಸರಳ ಉಪಾಯ. ಅಂಗನವಾಡಿ ಶಾಲೆಯ ಆವರಣದಲ್ಲೇ ಇದ್ದರೆ ಮೇ ತಿಂಗಳ ಮೊದಲೇ ಮಗುವನ್ನು ಒಂದನೇ ತರಗತಿಯ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸುವಂತೆ ಇಬ್ಬರೂ ಟೀಚರುಗಳನ್ನು ಕೇಳಬಹುದು. ವಿಶೇಷ ಅಗತ್ಯವುಳ್ಳ ಮಗುವಾದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು (ಬಿಐಇಆರ್‌ಟಿ) ಜೂನ್‌ಗೆ ಮುನ್ನವೇ ಕಾಣಬೇಕು. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ವ್ಯವಸ್ಥೆಯೂ ಅವರ ಮೂಲಕವೇ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ‘ಇಲ್ಲಿ ಆಗಲ್ಲ’ ಎಂದು ವಾಪಸ್ ಕಳಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಬೇಕು.

ಮನೆಯ ಕಷ್ಟ ಮತ್ತು ದೂರು

ತಂದೆ ತೀರಿಕೊಂಡ, ತಾಯಿ ಒಂಟಿಯಾದ, ದೊಡ್ಡ ಕಾಯಿಲೆ ಬಂದ ಮನೆಗಳ ಮಕ್ಕಳಿಗೆ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ನೆರವಾಗಿ ತಿಂಗಳಿಗೆ ₹4,000 ಸಿಗುತ್ತದೆ. ಹಳ್ಳಿಯ ಕುಟುಂಬದ ವಾರ್ಷಿಕ ಆದಾಯ ₹72,000, ಪಟ್ಟಣದ್ದು ₹96,000 ಮೀರಿರಬಾರದು. ಅರ್ಜಿ ಹಾಸನದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗುವಿಗೆ ಹೊಡೆತ, ದೌರ್ಜನ್ಯ, ಒಂಟಿಯಾಗಿ ಬಿಟ್ಟು ಹೋಗುವುದು ಕಂಡರೆ ಯಾರು ಬೇಕಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಹೇಳಿದವರ ಹೆಸರು ಗುಟ್ಟಾಗಿ ಇರುತ್ತದೆ. ಗಂಡನ ಹಿಂಸೆಗೆ ಸಿಕ್ಕ ತಾಯಿಗೆ ಮಹಿಳಾ ಸಹಾಯವಾಣಿ 181.

ಆಹಾರ ಬಾರದಿದ್ದರೆ, ಕೇಂದ್ರ ಮುಚ್ಚಿದ್ದರೆ ಬಾಯಿಮಾತಿನ ಜಗಳದಿಂದ ಟೀಚರ ಜೊತೆ ಮನಸ್ತಾಪವಷ್ಟೇ ಉಳಿಯುತ್ತದೆ, ತಪ್ಪು ಹೆಚ್ಚಾಗಿ ಮೇಲಿಂದ ಸರಬರಾಜು ಬಾರದ್ದು. ಬಾಲವಿಕಾಸ ಸಮಿತಿಯ ಪುಸ್ತಕದಲ್ಲಿ ಬರೆಸಿ, ಸಿಡಿಪಿಒ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲೆಗೊಬ್ಬ ಕುಂದುಕೊರತೆ ಪರಿಹಾರ ಅಧಿಕಾರಿ ಇರುತ್ತಾರೆ. ಗ್ರಾಮಸಭೆಯ ನಡಾವಳಿಯಲ್ಲಿ ವಿಷಯ ದಾಖಲಾದರೆ ಅದಕ್ಕೆ ತೂಕ ಬರುತ್ತದೆ. ಅಂಗನವಾಡಿಯೇ ಇಲ್ಲದ ಕಾಲೊನಿ, ತೋಟದ ಮನೆಗಳ ಸಾಲು, ಹೊಸ ಬಡಾವಣೆಗಳಿಗೂ ದಾರಿಯಿದೆ. ಹಳ್ಳಿ ಅಥವಾ ಕೊಳೆಗೇರಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು ಎಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಮಕ್ಕಳ ಹೆಸರು, ವಯಸ್ಸು, ತಾಯಿಯ ಹೆಸರಿನ ಪಟ್ಟಿ ಮಾಡಿ, ಮನೆಯವರ ಸಹಿ ಹಾಕಿಸಿ ಸಿಡಿಪಿಒಗೆ ಕೊಟ್ಟ ದಿನದಿಂದ ಆ ಮೂರು ತಿಂಗಳ ಲೆಕ್ಕ ಶುರು.